ಗೋಪಿನಾಥರ ಗಾಳಿಯ ಚಿಂತೆ
ನಮ್ಮ ಟ್ಯಾಂಪಿನೀಸ್‌ನ ಗೋಪಿನಾಥರು ಡೈವಿಂಗಿಗೆ ಹೊರಟರೆಂದರೆ ವಾರ ಮೊದಲೇ ಅವರ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಸಿಲಿಂಡರಿನಲ್ಲಿ ಮಾಮೂಲಿ ಗಾಳಿಯೋ, ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸೋ? ನೈಟ್ರಾಕ್ಸ್ ಆದರೆ ನೀರೊಳಗೆ ಹೆಚ್ಚು ಹೊತ್ತು ಇರಬಹುದು; ಆದರೆ ತೀರಾ ಆಳಕ್ಕೆ ಇಳಿದರೆ ಅದೇ ವಿಷ. ಎಂಆರ್‌ಟಿ ರೈಲಿನಲ್ಲಿ ನೈಟ್ರಾಕ್ಸ್ ಎಂದವರು ಫ್ಲ್ಯಾಟಿನ ಕೆಳಗಿನ ವಾಯ್ಡ್ ಡೆಕ್ ತಲುಪುವಷ್ಟರಲ್ಲಿ ಗಾಳಿ ಎನ್ನುತ್ತಾರೆ, ಲಿಫ್ಟಿನಲ್ಲಿ ಮತ್ತೆ ನೈಟ್ರಾಕ್ಸ್. “ರೀ, ನನ್ನನ್ನ ಒಪ್ಪೋಕೂ ಇಷ್ಟು ಯೋಚ್ನೆ ಮಾಡ್ಲಿಲ್ಲ ನೀವು!” ಎಂದು ಹೆಂಡತಿ ಕಾಮಾಕ್ಷಿ ಛೇಡಿಸುತ್ತಾರೆ. ಕೊನೆಗೆ ದೋಣಿಯವನು “ಅಂಕಲ್, ಫಾಸ್ಟ್ ಲಾ!” ಎಂದು ಕೂಗಿದಾಗ, ಪ್ರತಿ ಸಲವೂ, ಇಬ್ಬರಿಗೂ ಮಾಮೂಲಿ ಗಾಳಿಯನ್ನೇ ಎತ್ತಿಕೊಳ್ಳುತ್ತಾರೆ. ಯಾಕೆ ಸ್ವಾಮೀ ಎಂದರೆ, ಹೆಂಡತಿಗೆ ಕೇಳಿಸದ ಹಾಗೆ ಹೇಳುತ್ತಾರೆ: “ಆಮೆ ಕಂಡ್ರೆ ಇವಳಿಗೆ ಮೈಮೇಲೆ ಜ್ಞಾನ ಇರಲ್ಲ ಕಣ್ರೀ, ಅದರ ಹಿಂದೇನೇ ಕೆಳಕ್ಕೆ ಹೋಗ್ಬಿಡ್ತಾಳೆ. ಕರ್ಕೊಂಡ್ ಬರೋಕೆ ನಾನೂ ಇಳೀಬೇಕಲ್ಲ.”