ಗುರಿ ತಪ್ಪಿದರೂ ಒಂದು ಅಂಕ

ಈರುಳ್ಳಿ ಹೆಚ್ಚುವವನ ಕಣ್ಣಲ್ಲಿ ನೀರು ಬಂದರೆ ಯಾರೂ ಕಾರಣ ಕೇಳುವುದಿಲ್ಲ. ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಅನುಕೂಲದ ಜಾಗ ನನಗೆ ಗೊತ್ತಿಲ್ಲ. ಇವತ್ತು ಸೋಮವಾರ. ಪರದೇಶದ ಈ ಗಾರ್ಕಿಂಗ್ ಊರಿನಲ್ಲಿ, ಗೆಳೆಯ ಶಿವಪ್ಪನ ಮಗನ ಮನೆಯಲ್ಲಿ ನಿಂತು ಗಿರಮಿಟ್ ಮಾಡುತ್ತಿದ್ದೇನೆ. ಚುರುಮುರಿ ಸ್ವಲ್ಪ ಮೆತ್ತಗಾಗಿದೆ. ನಾನೂ ಅಷ್ಟೇ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಹುಬ್ಬಳ್ಳಿಯಲ್ಲಿ ಬಸ್ ಕಂಡಕ್ಟರನಾಗಿದ್ದು ನಿವೃತ್ತನಾದವನು. ಇಲ್ಲಿ ಮಗಳ ಜೊತೆಗಿದ್ದೇನೆ. ಶಿವಪ್ಪ ಗದಗಿನ ದರ್ಜಿ. ಕೆನಡಾದ ತಮ್ಮನ ಮನೆಯಲ್ಲಿ ಒಂದು ಬೇಸಿಗೆ ಕಳೆದು ಬರುವಾಗ ಒಂದು ಹಸಿರು ಟೋಪಿಯನ್ನೂ ಅಲ್ಲಿಯ ಫುಟ್‌ಬಾಲಿನ ಹುಚ್ಚನ್ನೂ ಹೊತ್ತು ತಂದಿದ್ದ. ಹೆಸರು ಫುಟ್‌ಬಾಲ್, ಆದರೆ ಚೆಂಡನ್ನು ಬಗಲಲ್ಲಿ ಅವಚಿಕೊಂಡು ಓಡುತ್ತಾರೆ. ಕಬಡ್ಡಿಯವರಿಗೆ ಹೆಲ್ಮೆಟ್ ಹಾಕಿಸಿದರೆ ಹೇಗಿರುತ್ತದೋ ಊಹಿಸಿಕೊಳ್ಳಿ. ನನಗೆ ಹಿಡಿಸಿದ್ದು ಒಂದೇ ನಿಯಮ: ಕಂಬಗಳ ನಡುವೆ ಹೋಗಲೆಂದು ಒದ್ದ ಚೆಂಡು ಗುರಿ ತಪ್ಪಿದರೂ, ಕೊನೆಯ ಗೆರೆ ದಾಟಿ ಹೋದರೆ ಒಂದು ಅಂಕ ಸಿಗುತ್ತದೆ. ಗಣಿತದ ಮಾಸ್ತರರು ನನಗೆ ಈ ಲೆಕ್ಕದಲ್ಲಿ ಅಂಕ ಕೊಟ್ಟಿದ್ದರೆ ನಾನು ಕಾಲೇಜಿಗೂ ಹೋಗುತ್ತಿದ್ದೆ.

ಅಲ್ಲಿ ಆಟ ನಡೆಯುವಾಗ ಇಲ್ಲಿ ನಮಗೆ ನಿದ್ದೆಯ ಹೊತ್ತು. ಹಾಗಾಗಿ ಸೋಮವಾರ ಮಧ್ಯಾಹ್ನ ಅದರ ರೆಕಾರ್ಡಿಂಗ್ ನೋಡುತ್ತಿದ್ದೆವು. ಅಲ್ಲಿಯವರೆಗೆ ಫಲಿತಾಂಶ ನೋಡಕೂಡದು. ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಬೇಕು. ತಪ್ಪು ಹೇಳಿದವನು ಗಿರಮಿಟ್ ಮಾಡಬೇಕು. ಎರಡು ವರ್ಷದ ಹಿಂದಿನ ಮಾತು. ಶಿವಪ್ಪನ ಹಸಿರು ತಂಡ ಮೊದಲಿನಿಂದಲೂ ಗೆಲ್ಲುತ್ತಿತ್ತು. ಕೆಂಪು ತಂಡ ಮೊದಲ ಐದು ಆಟ ಸೋತಿತ್ತು. "ಸೋಲೋ ಮಂದಿ ನಿನಗಿರಲಿ ಕಂಡಕ್ಟರ್," ಎಂದು ಅದನ್ನು ನನಗೆ ಬಿಟ್ಟುಕೊಟ್ಟ.

ಐದು ಸೋಮವಾರ ಗಿರಮಿಟ್ ಮಾಡಿ ಬೇಸತ್ತು, ಆರನೆಯ ಸೋಮವಾರ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಫೋನಿನಲ್ಲಿ ಫಲಿತಾಂಶ ನೋಡಿದೆ. ಆಮೇಲೆ ಪ್ರತಿ ವಾರವೂ ನೋಡಿದೆ. ನನ್ನ ಮಾತು ತಪ್ಪುವುದು ನಿಂತಿತು, ಈರುಳ್ಳಿ ಶಿವಪ್ಪನ ಪಾಲಾಯಿತು. ಒಂದು ದಿನ ನಾನು ಆಕಳಿಸುವಾಗ ಶಿವಪ್ಪ ನನ್ನ ನಾಲಿಗೆಯ ಮೇಲಿನ ಕಪ್ಪು ಮಚ್ಚೆ ಕಂಡ.

"ಅದಕ್ಕ ಮತ್ತ! ಮಚ್ಚಿ ನಾಲಿಗಿ ಐತಲ್ಲೋ ನಿಂದು. ನೀ ಅಂದಿದ್ದು ಆಗೂದ."

ನಾನು ಇಲ್ಲ ಎನ್ನಲಿಲ್ಲ. ವಿನಯದಿಂದ ಬಾಯಿ ಮುಚ್ಚಿಕೊಂಡೆ.

ಹಸಿರು ತಂಡ ತನ್ನ ಗುಂಪಿನಲ್ಲಿ ಮೊದಲನೆಯದಾಗಿ ಬಂದು, ಸುಖವಾಗಿ ಒಂದು ವಾರ ವಿಶ್ರಾಂತಿ ಪಡೆದು, ಒಂದೇ ಆಟ ಗೆದ್ದು ಫೈನಲ್ ಸೇರಿತು. ಕೆಂಪಿನವರು ಕಟ್ಟಕಡೆಯ ಜಾಗ ಹಿಡಿದು, ಬೇರೆಯವರ ಮೈದಾನದಲ್ಲಿ ಎರಡು ಆಟ ಗೆದ್ದು, ಮೈಯೆಲ್ಲ ಕೆಸರು ಮಾಡಿಕೊಂಡು ಬಂದರು.

ಇಷ್ಟರಲ್ಲಿ ಶಿವಪ್ಪನ ಹೃದಯದ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಹೆದರಿ ಎರಡು ಸಲ ಮುಂದೂಡಿದ್ದ. ಈ ಸಲದ್ದು ನಾವು ಫೈನಲ್ ನೋಡಬೇಕಿದ್ದ ಸೋಮವಾರದ ಮರುದಿನ, ಮಂಗಳವಾರ.

"ಅಪ್ಪಾ, ಈ ಟರ್ಮಿನ್, ಅವರು ಕೊಟ್ಟ ಈ ತಾರೀಖು ಬಿಟ್ರ ಮುಂದಿಂದು ಯಾವಾಗೋ ಏನೋ. ಸೈನ್ ಮಾಡ್ರಿ ಪ್ಲೀಸ್," ಎಂದು ಆ ಸೋಮವಾರ ಮಗ ಆಸ್ಪತ್ರೆಯ ಕಾಗದ ಹಿಡಿದು ನಿಂತಿದ್ದ.

ಶಿವಪ್ಪ ಟೋಪಿ ಸರಿಮಾಡಿಕೊಂಡ. "ಇಲ್ಲಿ ಹೂವಿನ ಪ್ರಸಾದ ಕೇಳಾಕ ನಮ್ಮ ವೀರಭದ್ರಪ್ಪ ಎಲ್ಲಿಂದ ಬರಬೇಕು? ಹಸಿರು ಗೆದ್ರ ಬಲಕ್ಕ ಹೂ ಬಿತ್ತು ಅಂತ ತಿಳೀತೀನಿ. ಸೋತ್ರ ನಾ ಒಲ್ಲೆ."

ಕೆಂಪು ತಂಡ ಒಂದು ಅಂಕದಿಂದ ಗೆದ್ದಿತ್ತು. ಬೆಳಿಗ್ಗೆಯೇ ನೋಡಿದ್ದೆ.

ನಿಜ ಹೇಳಲು ಅದು ಒಳ್ಳೆಯ ಸಮಯ. ನಾನು ಹೇಳಿದ್ದು ಇಷ್ಟು: "ಹಸಿರು. ಖರೇನ ಹೇಳಾಕತ್ತೀನಿ. ಆಟ ನೀ ಮನಿಗೆ ಬಂದ ಮ್ಯಾಲೆ ನೋಡೋಣು."

ಅವನು ನನ್ನ ಬಾಯನ್ನೇ ನೋಡಿ, ಸಹಿ ಹಾಕಿದ.

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಆರು ತಾಸು ಕೂತಿದ್ದೆ. ಅವನು ಆ ಬಾಗಿಲಿನಿಂದ ಹೊರಗೆ ಬರದಿದ್ದರೆ ಒಳಗೆ ಕಳಿಸಿದವನು ನಾನು. ದೇವರ ಬಾಯಲ್ಲಿ ನನ್ನ ಮಾತು ತುರುಕಿದ್ದೆ. ನಾಲಿಗೆಯನ್ನು ಹಲ್ಲಿನಿಂದ ಒತ್ತಿ ಹಿಡಿದಿದ್ದೆ, ಇನ್ನೇನಾದರೂ ಅಂದುಬಿಟ್ಟೀತು ಎಂದು.

ಬಂದ. ಮೂರು ವಾರದ ಮೇಲೆ ಎದೆಗೆ ದಿಂಬು ಒತ್ತಿಕೊಂಡು ಆಟ ನೋಡಲು ಕೂತ. ಕೊನೆಯ ನಿಮಿಷದವರೆಗೆ ಸಮಸಮ. ಕೆಂಪಿನವನೊಬ್ಬ ಒದ್ದ. ಚೆಂಡು ಕಂಬಗಳ ಹೊರಗೆ ಹೋಯಿತು, ಗೆರೆ ದಾಟಿತು. ಒಂದು ಅಂಕ.

"ನಿನ್ನ ನಾಲಿಗಿ ಹೊರಗ ತಗಿ," ಎಂದ ಶಿವಪ್ಪ.

ತೆಗೆದೆ. ಹಾಗೆ ಇಟ್ಟುಕೊಂಡು ತಪ್ಪೊಪ್ಪಿಕೊಳ್ಳಲು ಬರುವುದಿಲ್ಲವೆಂದು ಒಳಗೆಳೆದುಕೊಂಡು ಎಲ್ಲ ಹೇಳಿದೆ.

"ಅಂದ್ರ ಅಷ್ಟೂ ಸೋಮವಾರ ನಾ ಸುಮ್ನ ಉಳ್ಳಾಗಡ್ಡಿ ಹೆಚ್ಚೀನೇನು?"

"ಹೂಂ."

"ಸೈ ಹಾಕೂ ದಿನಾನೂ ನಿನಗ ಗೊತ್ತಿತ್ತು?"

"ಹೂಂ."

"ಎದ್ದ್ ನಡಿ."

ಎರಡು ತಿಂಗಳು ಮಾತಿಲ್ಲ. ಆಮೇಲೆ ಅವನದೇ ಫೋನು: "ಉಳ್ಳಾಗಡ್ಡಿ ತಗೊಂಡ್ ಬಾ." ಅಂದಿನಿಂದ ಗಿರಮಿಟ್ ನನ್ನದೇ. ಒಳಗೆ ಬರುವಾಗ ಚಪ್ಪಲಿಯ ಪಕ್ಕದಲ್ಲಿ ಫೋನನ್ನೂ ಬಿಡಬೇಕು.

ಈಗ ಹೊರಗಿನ ಕೋಣೆಯಿಂದ ಕೂಗುತ್ತಿದ್ದಾನೆ, "ಕಂಡಕ್ಟರ್, ಇವತ್ತ್ ಯಾರು ಗೆಲ್ತಾರ?"

"ನನಗೇನ್ ಗೊತ್ತೋ ಮಾರಾಯಾ!"

ನಿಜವಾಗಿಯೂ ಗೊತ್ತಿಲ್ಲ. ಈ ವಯಸ್ಸಿನಲ್ಲಿ ಎದೆ ಹೀಗೆ ಹೊಡೆದುಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ, ಅದೂ ಗೊತ್ತಿಲ್ಲ. ತಟ್ಟೆ ಕೊಟ್ಟೆ. ಅವನು ಒಂದು ಹಿಡಿ ಬಾಯಿಗೆ ಹಾಕಿ, ನನ್ನ ಕಡೆ ನೋಡದೆ, ಎದೆಯ ಹೊಲಿಗೆಯನ್ನು ಅಂಗಿಯ ಮೇಲಿಂದಲೇ ಬೆರಳಿನಿಂದ ಅಳೆದ. ದರ್ಜಿಯ ಅಭ್ಯಾಸ.

"ಆವತ್ತ ನೀ ಒದ್ದಿದ್ದು ಕಂಬದ ಹೊರಗ ಹೋತು," ಎಂದ. "ಆದ್ರ ಗೆರಿ ದಾಟೇತಿ. ಒಂದ ಅಂಕ ತಗೋ. ಉಪ್ಪು ಕಡಿಮಿ ಆಗೇತಿ."