ಬೂಟಿನ ಗುರುತು

ನನ್ನ ಮೊಮ್ಮಗಳು ಪೊಲೀಸಾಗಿದ್ದಾಳೆ! ನಾನು ಓದಿದ್ದು ಎರಡೇ ಕ್ಲಾಸು, ಆದರೂ ಇದನ್ನು ನನ್ನ ಕೈಯಾರೆ ಬರೆಯದಿದ್ದರೆ ಅನ್ನ ಸೇರುವುದಿಲ್ಲ. ಅವಳನ್ನು ಮಫ್ತಿ ಕೆಲಸಕ್ಕೂ ಹಾಕುತ್ತಾರಂತೆ. ಮಫ್ತಿ! ನಾನು ಕಂಡ ಮೊದಲ ಮಫ್ತಿಯವನಂಥ ದಡ್ಡ ಇನ್ನೊಬ್ಬನಿರಲಿಲ್ಲ.

ನಾನು ಅಗರಕ್ಕೆ ಸೊಸೆಯಾಗಿ ಬಂದ ಎರಡನೇ ವರ್ಷ, ಇನ್ನೇನು ನೇಗಿಲು ಕಟ್ಟಬೇಕು ಅನ್ನುವಾಗ, ಕೊಟ್ಟಿಗೆಯ ಜೋಡಿ ಎತ್ತು ಕಳುವಾದವು. ಎತ್ತಿಲ್ಲದೆ ಗದ್ದೆಯಿಲ್ಲ, ಗದ್ದೆಯಿಲ್ಲದೆ ಅನ್ನವಿಲ್ಲ. ಕದ್ದವನು ಹನೂರು ಸಂತೆಯ ದನದ ದಲ್ಲಾಳಿ ಎಂದು ಎಲ್ಲರಿಗೂ ಗೊತ್ತು. ಕಿವಿಯಲ್ಲಿ ಚಿನ್ನದ ಒಂಟಿ, ಬಾಯಲ್ಲಿ ಬರೀ ದೇವರ ಮಾತು. ಥೂ! ಅಂಥವನಿಗೆ ಕೈಮುಗಿಯುತ್ತಿದ್ದ ಜನಕ್ಕೂ ನಾಚಿಕೆಯಿರಲಿಲ್ಲ.

ದೂರು ಕೊಟ್ಟೆವು. "ಸಂತೆಗೆ ಬಂದು ಹುಣಸೆಮರದ ಕೆಳಗೆ ಬಾಯಿ ಮುಚ್ಚಿಕೊಂಡು ಕೂತಿರಿ" ಎಂದರು ಠಾಣೆಯ ಇನ್ಸ್‌ಪೆಕ್ಟರು. ನಾನು, ನನ್ನ ಗಂಡ ಹೋಗಿ ಕೂತೆವು.

ರೈತನ ವೇಷದ ಪೊಲೀಸು ಬಂದ. ಪಂಚೆ, ರುಮಾಲು, ಬರಿಗಾಲು ಎಲ್ಲ ಸರಿ. ಆದರೆ ಬೂಟಿನೊಳಗೇ ಬೆಳೆದ ಪಾದ ಮೂಲಂಗಿಯ ಹಾಗೆ ಬೆಳ್ಳಗಿತ್ತು!

"ಏನ್ ಸಾ, ಬೂಟ ಎಲ್ ಬುಟ್ ಬಂದ್ರಿ?" ಎಂದ ದಲ್ಲಾಳಿ.

"ನಾನು ಎತ್ತು ಕೊಳ್ಳೋಕೆ..."

"ಬಿಸ್ಲೇ ಕಾಣದ್ ಕಾಲು! ಓಗಿ ಸಾ, ಮಣ್ ಮೆತ್ಗಂಡು ಮುಂದಿನ್ ಸಂತೇಗ್ ಬನ್ನಿ."

ಸಂತೆಯೇ ನಕ್ಕಿತು. ನಮ್ಮ ಎತ್ತು ಹೋದವು ಎಂದು ನಾನು ಸೆರಗು ಕಚ್ಚಿ ಅತ್ತೆ.

ಪೊಲೀಸನನ್ನು ಓಡಿಸಿದ ಕೊಬ್ಬಿಗೆ ದಲ್ಲಾಳಿ ಎಚ್ಚರ ಬಿಟ್ಟ. ತಮಿಳು ಬೆರೆಸಿ ಮಾತಾಡುವ, ಹಿಮ್ಮಡಿ ಬಿರಿದ ಒಬ್ಬ ಗಿರಾಕಿಗೆ ತೋರಿಸಲು ಬೇಲಿಯ ಹಿಂದಿನಿಂದ ಜೋಡಿ ಎತ್ತು ಹಿಡಿದುಕೊಂಡು ಬಂದ. ಕೊಂಬು ಹೆರೆದು ಕೆಂಪು ಬಳಿದಿದ್ದ. ಎಡದೆತ್ತಿನ ಸೀಳುಕಿವಿಗೆ ಏನು ಬಳಿಯುತ್ತಾನೆ? ನಾವು ದೂರಿನಲ್ಲಿ ಹೇಳಿದ್ದ ಗುರುತೇ ಅದು.

ಗಿರಾಕಿ ಕಿವಿ ಸವರಿ ನೋಡಿ, ಕೈಮೇಲೆ ಟವಲು ಹಾಸಿದ. ನಮ್ಮ ಕಡೆ ದನದ ವ್ಯಾಪಾರ ಟವಲಿನೊಳಗೆ ಬೆರಳು ಹಿಡಿದು ಬೆಲೆ ಹೇಳಿಯೇ ಆಗುವುದು. ದಲ್ಲಾಳಿ ಕೈ ತೂರಿಸಿದ. ತೂರಿಸಿದ ಕೈ ಹೊರಗೆ ಬರಲೇ ಇಲ್ಲ.

"ಕೈ ಬುಡ್ಲಾ!"

"ಬುಡ್ತೀನಿ ಕಣಣ್ಣ, ಠಾಣೇಲಿ."

ಅವನೂ ಪೊಲೀಸೇ, ಹುಟ್ಟಿದ್ದು ದನದ ವ್ಯಾಪಾರದವರ ಮನೆಯಲ್ಲಿ. ಆ ಮೂಲಂಗಿ ಕಾಲಿನವನನ್ನು ಬೇಕೆಂದೇ ಮುಂದೆ ಬಿಟ್ಟಿದ್ದಾಗಿ ಆಮೇಲೆ ಇನ್ಸ್‌ಪೆಕ್ಟರು ಹೇಳಿಕೊಂಡು ಮೀಸೆ ತಿರುವಿದರು. ಸುಳ್ಳು! ದಡ್ಡತನ ಅಕಸ್ಮಾತ್ತಾಗಿ ಕೆಲಸಕ್ಕೆ ಬಂತು, ಅಷ್ಟೆ.

ಆ ಸಲ ಕೆಂಪು ಕೊಂಬಿನ ಎತ್ತಿನಲ್ಲೇ ಗದ್ದೆ ಉತ್ತೆವು. ಮೊನ್ನೆ ಹೊಸ ಬೂಟು ತೋರಿಸಲು ಬಂದ ಮೊಮ್ಮಗಳಿಗೆ ದೃಷ್ಟಿ ತೆಗೆದು ಹೇಳಿದೆ: "ವೇಸ ಆಮ್ಯಾಕ್ ಆಕು ಕಣವ್ವ, ಮೊದ್ಲು ಕಾಲ್ನ ಬಿಸ್ಲಿಗಿಡು."