ಅಟ್ಟದ ಕಾಯಿ, ಪಂಪಿನ ಬಿಲ್ಲು

ಹೊರದೇಶಕ್ಕೆ ಕೆಲಸಕ್ಕೆ ಹೊರಟವರು ನನ್ನ ಹತ್ತಿರ ಬಂದು ಸಂಬಳ ಎಷ್ಟು ಕೇಳಬೇಕು, ಏಜೆಂಟನಿಗೆ ಎಷ್ಟು ಕೊಡಬೇಕು ಎಂದು ವಿಚಾರಿಸುತ್ತಾರೆ. ಊರಲ್ಲಿ ಪಂಪ್‌ಸೆಟ್ಟಿನ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಎಂದು ನಾನು ತಿರುಗಿ ಕೇಳಿದರೆ ನಗುತ್ತಾರೆ. ನಗಲಿ. ಎಂಬತ್ತರ ದಶಕದ ಮೊದಲಲ್ಲಿ ನಾನು ಮಸ್ಕತ್ತಿಗೆ ಹೊರಟಾಗ ಹೀಗೆ ಕೇಳುವವರು ಯಾರೂ ಇರಲಿಲ್ಲ.

ನನ್ನದು ತಿಪಟೂರು, ತುರುವೇಕೆರೆ ನಡುವಿನ ಒಂದು ಹಳ್ಳಿ. ಕಂಡವರ ತೋಟದ ತೆಂಗಿನ ಸಿಪ್ಪೆ ಕೊಂಡು ನಾರು ತೆಗೆಯುವವರಿಗೆ ಮಾರುತ್ತಾ ಶುರುಮಾಡಿದವನು ನಾನು. ಆಮೇಲೆ ಫಸಲನ್ನೇ ಗುತ್ತಿಗೆ ಹಿಡಿದೆ. ಕೊನೆಗೆ ಹಳೆಯ ತೋಟದ ಒಂದು ತುಂಡು, ಪಕ್ಕದ ಬೀಳು ಹೊಲ ಎರಡನ್ನೂ ಕೊಂಡೆ. ಬೀಳಿನಲ್ಲಿ ತೆಂಗಿನ ಸಸಿ ಇಟ್ಟು, ಬಾವಿಗೆ ಮೋಟಾರು ಕೂರಿಸುವಷ್ಟರಲ್ಲಿ ಕೈಲಿದ್ದದ್ದೆಲ್ಲ ಮುಗಿಯಿತು. ಮಸ್ಕತ್ತಿಗೆ ಹೋಗಿದ್ದು ಅದಕ್ಕೇ. ಅಲ್ಲಿ ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಕೆಲಸ.

ಎಳೆ ಸಸಿಗೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಮುಗಿಯಿತು. ಬಿಲ್ಲು ಕಟ್ಟದಿದ್ದರೆ ಲೈನ್‌ಮನ್ ಬಂದು ಫ್ಯೂಸು ಕಿತ್ತುಕೊಂಡು ಹೋಗುತ್ತಾನೆ, ಮತ್ತೆ ಹಾಕಿಸಿಕೊಳ್ಳುವಷ್ಟರಲ್ಲಿ ಸಸಿಗಳು ಸೌದೆಯಾಗಿರುತ್ತವೆ. ಬಿಲ್ಲು ಬಂತೆಂದು ಊರಿಂದ ಕಾಗದ ಬಂದು, ನಾನು ಡ್ರಾಫ್ಟ್ ಮಾಡಿಸಿ ಕಳಿಸಿ, ಅದು ಇಲ್ಲಿ ಹಣವಾಗುವಷ್ಟರಲ್ಲಿ ಕಟ್ಟುವ ಕಡೆಯ ದಿನ ಎಂದೋ ಕಳೆದಿರುತ್ತಿತ್ತು. ಅಲ್ಲಿ ಶುಕ್ರವಾರ ನಮಗೆ ರಜೆ. ಬ್ಯಾಂಕಿಗೂ ಅವತ್ತೇ ರಜೆ.

ಹೊರಡುವ ಮುಂಚೆ ಕರೆಂಟ್ ಆಫೀಸಿಗೆ ಹೋದೆ.

“ಮುಂದಿನ ವರ್ಷದ್ದೆಲ್ಲ ಈಗ್ಲೇ ಕಟ್ಟುಸ್ಕೊಂಬುಡಿ ಸಾರ್.”

“ನೀವೆಷ್ಟು ಉರಿಸ್ತೀರ ಅಂತ ನಂಗೇನ್ರೀ ಗೊತ್ತು?” ಎಂದರು ಗುಮಾಸ್ತರು.

“ಹೆಚ್ಚಾಗೇ ಇಸ್ಕೊಳ್ಳಿ.”

“ಹೆಚ್ಚು ಇಸ್ಕೊಂಡ್ರೂ ನನ್ನ ಕೆಲ್ಸ ಹೋಯ್ತದೆ, ಕಮ್ಮಿ ಇಸ್ಕೊಂಡ್ರೂ ಹೋಯ್ತದೆ. ಬಿಲ್ಲು ಬಂದ್ಮೇಲೆ ಬನ್ನಿ.”

ಜೀವಮಾನವೆಲ್ಲ ಕಡಿಮೆ ಕೊಡಲು ಚೌಕಾಸಿ ಮಾಡಿದವನು ನಾನು. ಹೆಚ್ಚು ಕೊಡಲು ಚೌಕಾಸಿ ಮಾಡಿ ಸೋತು ಬಂದದ್ದು ಅದೇ ಮೊದಲು.

ಅಲ್ಲಿಂದ ನೇರ ತಿಪಟೂರಿಗೆ ಹೋಗಿ ಕೊಬ್ಬರಿ ಮಂಡಿಯ ಸಾಹುಕಾರರ ಮುಂದೆ ಕೂತೆ. ಮಾತು ಹೀಗಾಯಿತು: ಬಿಲ್ಲು ಬಂದಾಗ ನನ್ನ ಹೆಂಡತಿ ಅದನ್ನು ಬಸ್ ಕಂಡಕ್ಟರನ ಕೈಲಿ ಮಂಡಿಗೆ ಕಳಿಸುವುದು, ಸಾಹುಕಾರರು ಕಟ್ಟುವುದು. ಬದಲಿಗೆ ನಮ್ಮ ಅಟ್ಟದ ಕೊಬ್ಬರಿಯೆಲ್ಲ ಅವರ ಮಂಡಿಗೇ. ಮಾಲು ಬಂದ ದಿನದ ಪೇಟೆ ರೇಟಿಗೆ ಲೆಕ್ಕ, ಬಿಲ್ಲಿನ ಹಣ ಅದರಲ್ಲಿ ಮುರಿದುಕೊಳ್ಳುವುದು. ಕಮಿಷನ್ ಇಳಿಸಿದೆ, ಗೋಣಿಚೀಲದ ತೂಕ ಕಳೆಯುವುದರಲ್ಲಿ ಇಳಿಸಿದೆ, ಗಾಡಿ ಬಾಡಿಗೆ ಅವರ ತಲೆಗೇ ಕಟ್ಟಿದೆ. ಎದ್ದು ಬರುವಾಗ ನನಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯವಿತ್ತು. ಅಟ್ಟದಿಂದ ಕಾಯಿ ಯಾವತ್ತು ಇಳಿಸಬೇಕು ಎಂದು ಹೇಳುವವರು ಯಾರು ಎಂಬುದೊಂದನ್ನು ಮಾತ್ರ ಮಾತಾಡಿರಲಿಲ್ಲ.

ನಮ್ಮ ಕಡೆಯ ಕೊಬ್ಬರಿ ಗೊತ್ತಿಲ್ಲದವರಿಗೆ ಹೇಳಬೇಕು. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ನೀರಿನ ಸದ್ದು ಬಂದರೆ ಮುಟ್ಟಬಾರದು. ಮಸ್ಕತ್ತಿನಲ್ಲಿ ನನ್ನ ರೂಮಿನಲ್ಲಿದ್ದ ಕೇರಳದವನು, ಒಡೆದು ಬಿಸಿಲಿಗೆ ಹಾಕುವುದು ಬಿಟ್ಟು ವರ್ಷ ಕಾಯುತ್ತೀರಲ್ಲ, ನಿಮ್ಮಲ್ಲಿ ಬೇರೆ ಕೆಲಸವಿಲ್ಲವೇ ಎಂದು ಕೇಳಿದ್ದ.

ನಾನು ಹೋಗಿ ವರ್ಷ ತುಂಬುತ್ತಾ ಬಂದಿತ್ತು. ರಜೆ ಮುಗಿಸಿ ಬಂದ ತುಮಕೂರಿನ ಕಡೆಯ ಡ್ರೈವರೊಬ್ಬ ನನ್ನ ಹೆಂಡತಿ ಕೊಟ್ಟ ಕ್ಯಾಸೆಟ್ ತಂದುಕೊಟ್ಟ. ಆಗ ಕಾಗದಕ್ಕಿಂತ ಕ್ಯಾಸೆಟ್ಟೇ ಚಾಲ್ತಿ. ಟೇಪ್ ರೆಕಾರ್ಡರನ್ನು ಅಟ್ಟದ ಏಣಿಯ ಹತ್ತಿರ ಇಟ್ಟುಕೊಂಡು ಮಾತಾಡುತ್ತಿದ್ದಳು ಅಂತ ಕಾಣುತ್ತದೆ. ಎಮ್ಮೆ ಕರು ಹಾಕಿದ್ದು, ಮಗನಿಗೆ ಕೆಮ್ಮು ಬಂದದ್ದು ಹೇಳಿ ಆಗುತ್ತಿದ್ದಂತೆ ಹೊರಗೆ ಗಾಡಿ ನಿಂತ ಸದ್ದು. ಟೇಪ್ ನಿಲ್ಲಿಸಲಿಲ್ಲ. ಬಂದವನು ಸಾಹುಕಾರರ ಆಳು.

“ಅಕ್ಕಾರೆ, ಕಾಯಿ ಇಳ್ಸಕ್ಕೆ ಬಂದೀವ್ನಿ. ಸುಲಿಯೋರು ಗಾಡೀಲವ್ರೆ.”

“ಇದೇನಣ್ಣ, ರೇಟು ನೆಲಕ್ಕೆ ಬಿದ್ದಿರೋ ವಾರ ನೋಡ್ಕೊಂಡು ಬಂದಿದ್ದೀಯ?”

“ನಂಗೇನ್ ಗೊತ್ತಕ್ಕ ರೇಟು. ಪಂಪಿನ ಬಿಲ್ಲು ನಾಡಿದ್ದು ಲಾಸ್ಟಂತೆ. ಮಾಲು ಬಂದ್ರೆ ಕಟ್ತೀನಿ, ಇಲ್ದಿದ್ರೆ ಇಲ್ಲ ಅಂದವ್ರೆ.”

ಮಸ್ಕತ್ತಿನ ಮಂಚದ ಮೇಲೆ ಕೂತಿದ್ದ ನಾನು, ಅರ್ಧ ಮಾಲು ಕೊಡ್ತೀನಿ ಅನ್ನು ಎಂದು ಟೇಪಿಗೆ ಹೇಳಿದೆ. ಕೇರಳದವನು ತಿರುಗಿ ನೋಡಿದ.

“ಕಾಯಿ ಇನ್ನೂ ಆಗಿಲ್ಲ ಕಣಣ್ಣ,” ಎಂದಳು ಅವಳು. “ತಗಾ, ನೀನೇ ಅಲ್ಲಾಡ್ಸಿ ನೋಡು.”

ಗುಳುಗುಳು ಎಂದು ನೀರಿನ ಸದ್ದು. ಇನ್ನೊಂದು ಕಾಯಿ, ಅದರಲ್ಲೂ ನೀರು. ಆ ಅಟ್ಟದ ಕಾಯಿ ನಾನು ಹೊರಡುವ ಮುಂಚೆ ನಿಂತು ಏರಿಸಿದ್ದು, ಅಷ್ಟು ಹೊತ್ತಿಗೆ ಗಡಗಡ ಅನ್ನಲೇಬೇಕಿತ್ತು. ಏಣಿಯ ಬಾಯಿಗೆ ಹೊಸ ಕೊಯ್ಲಿನ ಕಾಯಿ ಒಟ್ಟಿ, ಹಳೆಯದನ್ನು ಅದರ ಹಿಂದೆ ಬಿಟ್ಟಿದ್ದಾಳೆ ಎಂದು ನನಗೆ ತಕ್ಷಣ ಗೊತ್ತಾಯಿತು. ಆಳಿಗೆ ಗೊತ್ತಾಗಲಿಲ್ಲ.

“ಈಗ ಒಡೆದ್ರೆ ಹಸಿ ಕೊಬ್ರಿ. ನಿಮ್ ಸಾವ್ಕಾರ್ರೇ ನಿನ್ನ ಮಕಕ್ಕೆ ಎಸೀತಾರೆ. ಅದೇನ್ ಹೊತ್ಕೊಂಡು ಹೋಯ್ತೀಯೋ ಹೋಗು.”

“ಅಂಗಾರೆ ಬಿಲ್ಲಿಗೇನಕ್ಕ ಮಾಡ್ತೀಯ?”

ಅವಳೇನೋ ಹೇಳಲು ಶುರುಮಾಡಿದಳು. ಕಟಕ್ ಎಂದು ಟೇಪ್ ಮುಗಿಯಿತು. ಆತುರದಲ್ಲಿ ತಿರುಗಿಸಿ ಹಾಕಿದೆ. ಹಿಂಬದಿಯಲ್ಲಿ ಮೊದಲಿಂದ ಇದ್ದ ಭಜನೆಯೇ ಇತ್ತು. ಅದನ್ನೂ ಪೂರ್ತಿ ಕೇಳಿದೆ, ನಡುವೆ ಎಲ್ಲಾದರೂ ಮಾತಾಡಿರಬಹುದೆಂದು. ಮಾತಾಡಿರಲಿಲ್ಲ.

ಕ್ಯಾಸೆಟ್ ನನ್ನ ಕೈಗೆ ಬರುವಷ್ಟರಲ್ಲಿ ಆ ನಾಡಿದ್ದು ಎಂಬುದು ಕಳೆದು ವಾರಗಳಾಗಿದ್ದವು. ಊರಲ್ಲಿ ಸುಡುಬೇಸಿಗೆ. ಸಸಿಗಳು ಇವೆಯೋ ಹೋದವೋ ಕೇಳೋಣವೆಂದರೆ ನಮ್ಮ ಹಳ್ಳಿಯಲ್ಲಿ ಫೋನಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ನಂಬರು, ಸಾಹುಕಾರರ ಮಂಡಿಯದು. ಅದಕ್ಕೇ ಕಾಲ್ ಬುಕ್ ಮಾಡಿ ಕಾದು ಕೂತೆ.

“ಏನಪ್ಪ, ಅಲ್ಲಿಂದ ಕೂಗ್ತಿದ್ದೀಯ? ಮೆಲ್ಲಗೆ ಹೇಳು, ಕೇಳುಸ್ತದೆ.”

“ಪಂಪಿನ ಬಿಲ್ಲು ಕಟ್ಟಿದ್ರಾ ಸಾವ್ಕಾರ್ರೇ?”

“ಕಟ್ಟದೆ ಏನಪ್ಪ ಮಾಡ್ಲಿ? ಸಂತೆ ದಿನ ನಿಮ್ಮನೆಯವಳು ಬಂದು ಮಂಡಿ ಬೆಂಚಿನ ಮೇಲೆ ಕೂತುಬುಟ್ಳು. ಕೊಬ್ರಿ ತಂದ ರೈತ್ರೆಲ್ಲ ಇದ್ರು. ‘ಬಿಲ್ಲು ಕಟ್ತೀನಿ ಅಂತ ಮಾತು ಕೊಟ್ಟೋರು ನೀವು, ಕಾಯಿ ಆಗೋಕೆ ಮುಂಚೆ ಇಳ್ಸು ಅನ್ನೋರೂ ನೀವು. ಇವ್ರ ಅಟ್ಟಕ್ಕೂ ಇಂಗೇ ಗಾಡಿ ಕಳುಸ್ತೀರಾ?’ ಅಂದ್ಳು. ಒಬ್ಬೊಬ್ರೂ ನನ್ನ ಮಕ ನೋಡಕ್ಕೆ ಶುರು ಮಾಡುದ್ರು ಕಣಪ್ಪ. ಹುಡುಗನ್ನ ಸೈಕಲ್ ಮೇಲೆ ಕರೆಂಟ್ ಆಫೀಸಿಗೆ ಓಡಿಸ್ದೆ.”

“ಕಾಯಿ ಇಳ್ಸಿದ್ಳಾ?”

“ಮೊನ್ನೆ ರೇಟು ಏರ್ತು. ಅವತ್ತೇ ಕಾಯೆಲ್ಲ ಗಡಗಡ ಅನ್ನಕ್ಕೆ ಶುರುವಾದ್ವಂತೆ.”

ಏರಿದ ರೇಟಿನ ಮೇಲೆ ಇನ್ನೊಂದಿಷ್ಟು ಸೇರಿಸಿ ಕೊಡಿ ಎಂದು ಬಾಯಿ ತೆರೆದೆ. ಲೈನ್ ಕಟ್ಟಾಯಿತು. ಆ ಕಾಲಿಗೆ ಎಷ್ಟಾಯಿತೆಂದು ಊರಲ್ಲಿ ನಾನು ಇವತ್ತಿಗೂ ಹೇಳಿಲ್ಲ.

ಮುಂದೆ ರಜೆಗೆ ಬಂದಾಗ ಸಸಿಗಳು ನನ್ನ ಎದೆಯ ಮಟ್ಟಕ್ಕಿದ್ದವು. ಒಪ್ಪಂದ ಮತ್ತೆ ಮಾತಾಡಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಮಂಡಿಗೆ ಹೋದೆವು. ಸಾಹುಕಾರರು ಅವಳ ಕಡೆ ತಿರುಗಿ ಕೂತು, “ನೀನು ಹೋಗಿ ಮೂರು ಕಾಫಿ ಹೇಳಪ್ಪ,” ಎಂದರು ನನಗೆ. ಹೋಗಿ ಹೇಳಿ ಬರುವಷ್ಟರಲ್ಲಿ ಮಾತು ಮುಗಿದಿತ್ತು. ಬಿಲ್ಲು ಕೈಗೆ ಬಂದ ವಾರದೊಳಗೆ ಕಟ್ಟುವುದು ಅವರದು, ಕಾಯಿ ಇಳಿಸುವ ದಿನ ಹೇಳುವುದು ಅವಳದು. ಕಮಿಷನ್ನೂ ನಾನು ಇಳಿಸಿದ್ದಕ್ಕಿಂತ ಇಳಿದಿತ್ತು.

ನನ್ನದೇನು ಎಂದು ಕೇಳಿದೆ.

“ಡ್ರಾಫ್ಟು ಕಳ್ಸೋದು,” ಎಂದಳು.

ಅದಕ್ಕೇ ಹೊರಡುವವರಿಗೆ ಹೇಳುವುದು: ಬಿಲ್ಲಿನ ಮಾತು ಆಡುವಾಗ ಊರಲ್ಲಿ ಉಳಿಯುವವರನ್ನು ಮುಂದೆ ಕೂರಿಸಿ, ವಿಮಾನ ಹತ್ತುವವರು ಕಾಫಿ ತನ್ನಿ. ಆ ಕ್ಯಾಸೆಟ್ಟಿನ ವರ್ಷದ ಬೇಸಿಗೆಯಲ್ಲೂ ನಮ್ಮ ಮೋಟಾರು ಒಂದು ದಿನವೂ ನಿಲ್ಲಲಿಲ್ಲ, ಕರೆಂಟು ಇದ್ದ ದಿನಗಳಲ್ಲಿ.